ಊರಿನವರ ಮಾತನ್ನು ರೇಡಿಯೋಗೆ ರೆಕಾರ್ಡ್ ಮಾಡುವುದು ಹೇಗೆ: ಮೊದಲ ಭೇಟಿಯಿಂದ ಪ್ರಸಾರದವರೆಗೆ

"ಸಂದರ್ಶನ ಮಾಡಿ ತಂದಿದ್ದೇನೆ, ಯಾಕೋ ಚೆನ್ನಾಗಿ ಬಂದಿಲ್ಲ, ಸ್ವಲ್ಪ ಕೇಳಿ ನೋಡಿ" ಎಂದು ದಾವಣಗೆರೆ, ಹರಿಹರ, ಚಳ್ಳಕೆರೆ ಕಡೆಯಿಂದ ನನಗೆ ಫೈಲು ಕಳಿಸುವವರು ಹೆಚ್ಚುತ್ತಿದ್ದಾರೆ. ಆರಿಸಿಕೊಂಡ ವ್ಯಕ್ತಿ ಒಳ್ಳೆಯವರೇ, ವಿಷಯವೂ ಒಳ್ಳೆಯದೇ. ಆದರೂ ಹತ್ತು ನಿಮಿಷ ಕೇಳುವಷ್ಟರಲ್ಲಿ ಕಿವಿ ಸೋಲುತ್ತದೆ. ಹೆಚ್ಚಿನ ಫೈಲುಗಳಲ್ಲಿ ಅತಿಥಿಯ ಬಾಯಲ್ಲಿ ಒಂದು ಮಾತು ಖಂಡಿತ ಸಿಗುತ್ತದೆ: "ಆಗ್ಲೇ ಹೇಳಿದ್ನಲ್ಲ, ಹಂಗೆ."

ಎಡವಿದ್ದು ಅಲ್ಲೇ. ಹಾಗೆ ಹೇಳಿದ ಅಜ್ಜ ಕಥೆಯನ್ನೆಲ್ಲ ಚಹಾ ಕುಡಿಯುವಾಗಲೇ ಹೇಳಿ ಮುಗಿಸಿದ್ದಾರೆ. ಮೈಕ್ ಮುಂದೆ ಹೇಳಿದ್ದು ಎರಡನೇ ಸಲ. ಎರಡನೇ ಸಲ ಹೇಳುವಾಗ ಮನುಷ್ಯ ಚುಟುಕು ಮಾಡುತ್ತಾನೆ, ನಗು ಬರುವ ಕಡೆ ನಗುವುದಿಲ್ಲ, ಗಂಟಲು ಕಟ್ಟುವ ಕಡೆ ಕಟ್ಟುವುದಿಲ್ಲ. ಮೊದಲ ಸಲ ಬಾಯಿಂದ ಬರುವ ಮಾತು ಮೈಕಿಗೇ ಬೀಳಬೇಕು. ಕೆಳಗಿನ ಹಂತಗಳ ಕ್ರಮವೆಲ್ಲ ಇದಕ್ಕಾಗಿಯೇ ಇದೆ, ದಯವಿಟ್ಟು ಹಿಂದೆ ಮುಂದೆ ಮಾಡಬೇಡಿ.

ಹಂತ 1: ವಿಷಯವನ್ನು ಒಂದು ಸಾಲಿನಲ್ಲಿ ಬರೆಯಿರಿ

"ಮಂಡಕ್ಕಿ ಭಟ್ಟಿಯವರೊಂದಿಗೆ ಮಾತುಕತೆ" ಎನ್ನುವುದು ವಿಷಯವಲ್ಲ, ಬರೀ ತಲೆಬರಹ. "ಕಾದ ಮರಳಿನಲ್ಲಿ ಅಕ್ಕಿ ಅರಳುವ ಹದ ಬಂತೆಂದು ಭಟ್ಟಿ ಮುಂದೆ ನಿಂತವರಿಗೆ ಹೇಗೆ ತಿಳಿಯುತ್ತದೆ" ಎನ್ನುವುದು ವಿಷಯ. ಆ ಸಾಲಿನಲ್ಲಿ ಒಂದು ಪ್ರಶ್ನೆ ಅಡಗಿರಬೇಕು. ಬರೆಯಲು ಆಗದಿದ್ದರೆ ಇನ್ನೂ ಎರಡು ದಿನ ಯೋಚಿಸಿ, ಹೊರಡಬೇಡಿ.

ಜನರನ್ನು ಹುಡುಕುವಾಗ ಈಗಾಗಲೇ ಹತ್ತು ವೇದಿಕೆಯಲ್ಲಿ ಶಾಲು ಹೊದ್ದವರ ಕಡೆಗೇ ಮೊದಲು ಹೋಗುವುದು ಸಾಮಾನ್ಯ ತಪ್ಪು. ಅವರ ಬಾಯಲ್ಲಿ ಸಿದ್ಧ ಭಾಷಣ ಇರುತ್ತದೆ, ಅದನ್ನು ಮುರಿಯುವುದು ಕಷ್ಟ. ಭದ್ರಾ ನಾಲೆಯ ನೀರುಗಂಟಿ, ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಕಾರ, ಚಳ್ಳಕೆರೆಯ ಕಂಬಳಿ ನೇಯುವವರು, ದೇವರ ಎತ್ತುಗಳನ್ನು ಕಾಯುವ ಕಿಲಾರಿ, ಸೂಳೆಕೆರೆಯಲ್ಲಿ ಬಲೆ ಬೀಸುವವರು, ಇವರನ್ನೆಲ್ಲ ಯಾರೂ ಸರಿಯಾಗಿ ಕೇಳಿಲ್ಲ. ಚಳ್ಳಕೆರೆ ಸೀಮೆಯ ಜಾನಪದ ಹಾಡುಗಾರ್ತಿ ಸಿರಿಯಜ್ಜಿ ಓದು ಬರಹದ ಹಂಗಿಲ್ಲದೆ ಸಾವಿರಾರು ಹಾಡುಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದರು. ಹಟ್ಟಿಗಳಲ್ಲಿ ಅಂಥ ನೆನಪು ಈಗಲೂ ಉಳಿದಿದೆ.

ಹಂತ 2: ಮೊದಲ ಭೇಟಿಯಲ್ಲಿ ಕಥೆ ಕೇಳಬೇಡಿ

ಮೊದಲ ಭೇಟಿ ಬೇಕೇ ಬೇಕು. ಪರಿಚಯವಿಲ್ಲದವರು ಮೈಕ್ ಹಿಡಿದು ಬಾಗಿಲಲ್ಲಿ ನಿಂತರೆ ಯಾರೂ ಮನಸ್ಸು ಬಿಚ್ಚುವುದಿಲ್ಲ. ಆದರೆ ಆ ಭೇಟಿಯಲ್ಲಿ ಮಾಡುವ ಕೆಲಸ ನಾಲ್ಕೇ: ಯಾಕೆ ಬಂದಿದ್ದೀರಿ ಎಂದು ಹೇಳುವುದು, ಹೆಸರು ಮತ್ತು ಊರು ಸರಿಯಾಗಿ ಬರೆದುಕೊಳ್ಳುವುದು, ಕೂರುವ ಜಾಗ ನೋಡುವುದು, ದಿನ ಗೊತ್ತು ಮಾಡುವುದು.

ಮಾತು ಸಹಜವಾಗಿ ಕಥೆಯ ಕಡೆಗೆ ಹೋಗುತ್ತದೆ. ತಡೆಯುವುದಕ್ಕೆ ಸಂಕೋಚ ಬೇಡ. "ಯಜಮಾನ್ರೆ, ಇದನ್ನ ನಾನು ರೆಕಾರ್ಡ್ ಮಾಡೋ ದಿನಾನೇ ಕೇಳ್ತೀನ್ರಿ, ಈಗ ಹೇಳ್ಬೇಡ್ರಿ" ಎಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆ ದಿನದವರೆಗೆ ಅವರೂ ಅದನ್ನೇ ಮೆಲುಕು ಹಾಕುತ್ತಿರುತ್ತಾರೆ. ಕಥೆ ಯಾವುದು ಎಂಬ ಸುಳಿವು ಮಾತ್ರ ಒಂದೆರಡು ಪದದಲ್ಲಿ ಬರೆದುಕೊಳ್ಳಿ: "ಮಿಲ್ ಮುಚ್ಚಿದ ದಿನ", "ಅಕ್ಕನ ಮದುವೆ ಸೀರೆ".

ದಿನ ಗೊತ್ತು ಮಾಡುವಾಗ ಅವರ ಕೆಲಸದ ಲೆಕ್ಕ ನೋಡಿ. ಬಿತ್ತನೆ, ಮೆಕ್ಕೆಜೋಳದ ಕಟಾವು, ಅಡಿಕೆ ಕೊಯ್ಲಿನ ದಿನಗಳಲ್ಲಿ ಕೇಳಿದರೆ ಮರ್ಯಾದೆಗೆ ಹೂಂ ಅನ್ನುತ್ತಾರೆ, ಮನಸ್ಸು ಮಾತ್ರ ಹೊಲದಲ್ಲೇ ಇರುತ್ತದೆ. ನಾಯಕನಹಟ್ಟಿ ಜಾತ್ರೆ, ದುಗ್ಗಮ್ಮನ ಜಾತ್ರೆ ಸಮಯದಲ್ಲಿ ಮನೆ ತುಂಬ ನೆಂಟರು.

ಎಚ್ಚರಿಕೆಯ ಗುರುತು: "ಏನೇನ್ ಹೇಳ್ಬೇಕು, ಬರ್ದು ಕೊಡ್ರಿ" ಎಂದು ಅತಿಥಿ ಕೇಳಿದರೆ ಪ್ರಶ್ನೆಗಳ ಪಟ್ಟಿ ಕೊಡಬೇಡಿ. ಕೊಟ್ಟರೆ ಮಗನೋ ಮೊಮ್ಮಗಳೋ ಪುಸ್ತಕದ ಕನ್ನಡದಲ್ಲಿ ಉತ್ತರ ಬರೆದಿಟ್ಟಿರುತ್ತಾರೆ. "ನೀವು ದಿನಾ ಮಾಡೋ ಕೆಲಸದ ಬಗ್ಗೆ ಅಷ್ಟೇ ರೀ" ಎಂದು ಹೇಳಿ ಬನ್ನಿ.

ಹಂತ 3: ಸಾಮಾನು ಹಿಂದಿನ ರಾತ್ರಿಯೇ ಪರೀಕ್ಷಿಸಿ

ದುಬಾರಿ ರೆಕಾರ್ಡರ್ ಇಲ್ಲದಿದ್ದರೂ ನಡೆಯುತ್ತದೆ. ಒಳ್ಳೆಯ ಮೊಬೈಲು, ಅಂಗಿಗೆ ಸಿಕ್ಕಿಸುವ ವೈರ್ ಇರುವ ಕಾಲರ್ ಮೈಕು, ವೈರ್ ಇರುವ ಹೆಡ್‌ಫೋನು, ಪವರ್ ಬ್ಯಾಂಕು, ನೋಟ್‌ಬುಕ್ಕು, ಇಷ್ಟು ಸಾಕು. ಬ್ಲೂಟೂತ್ ಇಯರ್‌ಫೋನನ್ನೇ ಮೈಕಾಗಿ ಬಳಸಬೇಡಿ, ದನಿ ಫೋನ್ ಕರೆಯಂತೆ ಸಣ್ಣಗಾಗುತ್ತದೆ.

ಹೆಚ್ಚು ಜನ ಮೋಸ ಹೋಗುವುದು ಮೈಕಿನ ಪಿನ್ನಿನಲ್ಲಿ. ಮೊಬೈಲಿನ ಗುಂಡು ತೂತಿಗೆ ಹಾಕುವ ಪಿನ್ನಿನ ಮೇಲೆ ಮೂರು ಕಪ್ಪು ಗೆರೆ ಇರಬೇಕು. ಎರಡೇ ಗೆರೆ ಇದ್ದರೆ ಅದು ಕ್ಯಾಮೆರಾ ಅಥವಾ ರೆಕಾರ್ಡರಿನದು. ಅದನ್ನು ಚುಚ್ಚಿದರೂ ಮೊಬೈಲು ತನ್ನದೇ ಮೈಕಿನಲ್ಲಿ ರೆಕಾರ್ಡ್ ಮಾಡುತ್ತಿರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಪರೀಕ್ಷೆ ಸುಲಭ: ರೆಕಾರ್ಡ್ ಒತ್ತಿ, ಕಾಲರ್ ಮೈಕನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ, ಆಮೇಲೆ ಫೋನಿನ ತಳವನ್ನು ಕೆರೆಯಿರಿ. ಯಾವುದು ಜೋರಾಗಿ ಕೇಳಿಸಿತೋ ಆ ಮೈಕೇ ಕೆಲಸ ಮಾಡುತ್ತಿದೆ.

ಫೈಲು ಡಬ್ಲ್ಯೂಎವಿ (WAV) ರೂಪದಲ್ಲಿರಲಿ, ಅದರಲ್ಲಿ ದನಿಯ ಗುಣ ಕುಗ್ಗುವುದಿಲ್ಲ. 48 ಕಿಲೋಹರ್ಟ್ಸ್, 16 ಬಿಟ್, ಮೋನೋ ಇಟ್ಟರೆ ನಿಮಿಷಕ್ಕೆ ಸುಮಾರು 6 ಎಂಬಿ, ಒಂದು ಗಂಟೆಗೆ 350 ಎಂಬಿ ಹತ್ತಿರ ಆಗುತ್ತದೆ. ಅಷ್ಟು ಜಾಗ ಖಾಲಿ ಇದೆಯೇ ನೋಡಿ. ಏರೋಪ್ಲೇನ್ ಮೋಡ್ ಹಾಕಲು ಮರೆಯಬೇಡಿ. ಮಾತಿನ ನಡುವೆ ಒಂದು ಕರೆ ಬಂದರೆ ಎಷ್ಟೋ ಫೋನುಗಳಲ್ಲಿ ರೆಕಾರ್ಡಿಂಗ್ ಸದ್ದಿಲ್ಲದೆ ನಿಂತುಬಿಡುತ್ತದೆ.

ಹಂತ 4: ಜಾಗವನ್ನು ಕಣ್ಣು ಮುಚ್ಚಿ ಆರಿಸಿ

ಬಂದವರನ್ನು ಮನೆಯವರು ಕೂರಿಸುವುದು ಪಡಸಾಲೆಯಲ್ಲಿ. ರೆಕಾರ್ಡಿಂಗ್‌ಗೆ ಮನೆಯಲ್ಲೇ ಅತಿ ಕೆಟ್ಟ ಜಾಗ ಸಾಮಾನ್ಯವಾಗಿ ಅದೇ: ಟೈಲ್ಸ್ ನೆಲ, ಬರಿ ಗೋಡೆ, ಮೇಲೆ ಫ್ಯಾನು, ಪಕ್ಕದಲ್ಲಿ ರಸ್ತೆ. ಒಂದು ನಿಮಿಷ ಕಣ್ಣು ಮುಚ್ಚಿ ನಿಲ್ಲಿ. ಫ್ರಿಜ್ಜಿನ ಗುಂಯ್ ಶಬ್ದ, ಗೋಡೆ ಗಡಿಯಾರದ ಟಿಕ್ ಟಿಕ್, ಕರೆಂಟ್ ಹೋದಾಗಿನ ಯುಪಿಎಸ್ ಬೀಪ್, ಇವೆಲ್ಲ ಆಗ ಕೇಳಿಸುತ್ತವೆ. ಬಟ್ಟೆ, ಹಾಸಿಗೆ, ಚೀಲ ತುಂಬಿದ ಸಣ್ಣ ಕೋಣೆ ಸಿಕ್ಕರೆ ಅದೇ ನಿಮ್ಮ ಸ್ಟುಡಿಯೋ.

ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಯಲ್ಲಿ ನಾನು ಕಲಿತ ಪಾಠ ಇದು. ವಾತಾವರಣ ಬರಲಿ ಎಂಬ ಆಸೆಯಿಂದ ಕೆಲಸಗಾರ್ತಿಯೊಬ್ಬರನ್ನು ಭಟ್ಟಿಯ ಬಾಯಿ ಹತ್ತಿರವೇ ಮಾತಾಡಿಸಿದೆ. ಬಾಣಲೆಯಲ್ಲಿ ಮರಳು ತಿರುವುವ ಸದ್ದು, ಉಪ್ಪುನೀರು ಉಂಡ ಅಕ್ಕಿ ಚಟಪಟ ಅರಳುವ ಸದ್ದು, ಜರಡಿಯ ಸದ್ದು. ಸ್ಥಳದಲ್ಲಿ ಎಷ್ಟು ಚೆಂದ ಅನ್ನಿಸಿತ್ತೆಂದರೆ ಹೆಡ್‌ಫೋನ್ ಹಾಕಿ ನೋಡಲೇ ಇಲ್ಲ. ಮನೆಗೆ ಬಂದು ಕೇಳಿದರೆ ಅವರ ಒಂದು ವಾಕ್ಯವೂ ಪೂರ್ತಿ ತಿಳಿಯಲಿಲ್ಲ. ಅಂದು ಅವರು ಹೇಳಿದ್ದು ಹೋಯಿತು, ಇವತ್ತಿಗೂ ಆ ಸಂಕಟ ಇದೆ. ಮುಂದಿನ ವಾರ ಮತ್ತೆ ಹೋದಾಗ ಹಿಂದಿನ ಗೋಡೌನಿನಲ್ಲಿ, ಆಳೆತ್ತರ ಪೇರಿಸಿದ ಮಂಡಕ್ಕಿ ಚೀಲಗಳ ನಡುವೆ ಕೂತೆವು. ಚೀಲಗಳು ಸದ್ದನ್ನು ನುಂಗಿಕೊಂಡು ದನಿ ಸ್ಟುಡಿಯೋದಲ್ಲಿ ಕೂತಷ್ಟೇ ಹತ್ತಿರ, ಬೆಚ್ಚಗೆ ಬಂತು. ಭಟ್ಟಿಯ ಸದ್ದನ್ನು ಆಮೇಲೆ ಬೇರೆಯಾಗಿ ಮೂರು ನಿಮಿಷ ರೆಕಾರ್ಡ್ ಮಾಡಿಕೊಂಡೆ. ಮಾತು ಒಂದು ಕಡೆ, ಸದ್ದು ಇನ್ನೊಂದು ಕಡೆ, ಕೂಡಿಸುವುದು ಎಡಿಟ್‌ನಲ್ಲಿ. ಕೈಮಗ್ಗ, ಎಣ್ಣೆ ಮಿಲ್ಲು, ಸಂತೆ, ಕುಲುಮೆ ಎಲ್ಲಕ್ಕೂ ಇದೇ ಕ್ರಮ.

ಚಿತ್ರದುರ್ಗದವರಿಗೆ ಇನ್ನೊಂದು ಮಾತು. ಜೋಗಿಮಟ್ಟಿ ಕಡೆ ಗುಡ್ಡಕ್ಕೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಆಷಾಢದ ಗಾಳಿಯಲ್ಲಿ ಬಯಲಲ್ಲಿ ಕೂತು ಮಾಡಿದ ರೆಕಾರ್ಡಿಂಗ್ ಬರೀ ಗುರ್ ಎನ್ನುತ್ತದೆ, ಯಾವ ಸಾಫ್ಟ್‌ವೇರೂ ಅದನ್ನು ಪೂರ್ತಿ ತೆಗೆಯಲಾರದು. ಹೊರಗೆ ಮಾಡಲೇಬೇಕಾದರೆ ಮೈಕಿಗೆ ತುಪ್ಪಳದ ಟೋಪಿ ಹಾಕಿ, ಗಾಳಿಗೆ ಬೆನ್ನು ಕೊಟ್ಟು, ಬಂಡೆಯ ಮರೆಯಲ್ಲಿ ಕೂರಿ.

ಹಂತ 5: ಪ್ರಶ್ನೆಗಳ ಕ್ರಮ

"ನಿಮ್ಮ ಪರಿಚಯ ಮಾಡಿಕೊಳ್ಳಿ" ಎಂದು ಶುರು ಮಾಡಬೇಡಿ. ಆ ಕ್ಷಣದಿಂದ ಅತಿಥಿ ಶಾಲೆಯ ಹುಡುಗನಂತೆ ನೆಟ್ಟಗೆ ಕೂತು "ನನ್ನ ಹೆಸರು..." ಎಂದು ಒಪ್ಪಿಸಲು ಆರಂಭಿಸುತ್ತಾರೆ. ಪರಿಚಯವನ್ನು ನೀವೇ ಆಮೇಲೆ ನಿಮ್ಮ ದನಿಯಲ್ಲಿ ಸೇರಿಸಿ. ಮೊದಲ ಪ್ರಶ್ನೆ ಕೈಗೆ ಹತ್ತಿದ ಕೆಲಸದ್ದಿರಲಿ: "ಅಕ್ಕಾರೆ, ಇವತ್ತು ಬೆಳಿಗ್ಗೆ ಭಟ್ಟಿಗೆ ಎಷ್ಟೊತ್ತಿಗೆ ಬಂದ್ರಿ?" ಯೋಚಿಸದೆ ಉತ್ತರ ಬರುತ್ತದೆ, ದನಿ ಸಡಿಲವಾಗುತ್ತದೆ.

ಆಮೇಲೆ ಕೆಲಸದ ವಿವರ, ಅದು ಕಲಿತ ಬಗೆ, ಹಳೆಯ ದಿನಗಳು, ಕಷ್ಟದ ಮಾತು ಕೊನೆಯ ಮೂರನೇ ಒಂದು ಭಾಗದಲ್ಲಿ. ಸಾವು, ಸಾಲ, ಮುಚ್ಚಿದ ಮಿಲ್ಲು ಇಂಥದ್ದನ್ನು ಐದನೇ ನಿಮಿಷದಲ್ಲಿ ಕೇಳಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ನೋಟ್‌ಬುಕ್ಕಿನಲ್ಲಿ ಏಳೆಂಟು ಪ್ರಶ್ನೆಗಿಂತ ಹೆಚ್ಚು ಬೇಡ, ಅದೂ ಪೂರ್ತಿ ವಾಕ್ಯವಲ್ಲ, ಒಂದೊಂದು ಪದ. ವಾಕ್ಯ ಬರೆದಿದ್ದರೆ ಓದುತ್ತೀರಿ, ಓದಿದ್ದು ರೇಡಿಯೋದಲ್ಲಿ ತಕ್ಷಣ ತಿಳಿಯುತ್ತದೆ.

"ಹೌದು", "ಇಲ್ಲ" ಎಂದು ಮುಗಿಯುವ ಪ್ರಶ್ನೆ, ಉತ್ತರವನ್ನೂ ನೀವೇ ಹೇಳಿಬಿಡುವ ಪ್ರಶ್ನೆ, ಎರಡು ಪ್ರಶ್ನೆ ಸೇರಿಸಿದ ಪ್ರಶ್ನೆ, ಈ ಮೂರನ್ನು ಹೊಡೆದುಹಾಕಿ. "ಆಗ ತುಂಬಾ ಕಷ್ಟ ಇತ್ತು ಅಲ್ವಾ?" ಎಂದರೆ "ಹೂಂ, ಇತ್ತು" ಅಷ್ಟೇ ಸಿಗುತ್ತದೆ. "ಆವತ್ತು ರಾತ್ರಿ ಮನೇಲಿ ಏನು ಅಡುಗೆ ಮಾಡಿದ್ರಿ?" ಎಂದು ಕೇಳಿ, ಕಷ್ಟ ತಾನಾಗಿ ಹೊರಗೆ ಬರುತ್ತದೆ.

ಹಂತ 6: ರೆಕಾರ್ಡ್ ಮಾಡುವಾಗ

ಕಾಲರ್ ಮೈಕು ಅತಿಥಿಯ ಗಂಟಲಿನಿಂದ ಒಂದು ಗೇಣು ಕೆಳಗೆ ಇರಲಿ. ಸರ, ಬಳೆ, ಸೆರಗು ಉಜ್ಜದಂತೆ ನೋಡಿಕೊಳ್ಳಿ. ಕೈಯಲ್ಲಿ ಹಿಡಿಯುವ ಮೈಕಾದರೆ ಬಾಯಿಗೆ ನೇರ ಬೇಡ, ಸ್ವಲ್ಪ ಓರೆಯಾಗಿ ಹಿಡಿಯಿರಿ. ಇಲ್ಲದಿದ್ದರೆ ಪ, ಫ, ಬ, ಭ ಬಂದಾಗಲೆಲ್ಲ ಬಡಿದಂತೆ ಕೇಳಿಸುತ್ತದೆ. ಮೈಕನ್ನು ಅತಿಥಿಯ ಕೈಗೆ ಕೊಡಬೇಡಿ. ದನಿಯ ಜೋರು ತೋರಿಸುವ ಲೆವೆಲ್ ಮೀಟರು ಮೈನಸ್ 18ರಿಂದ ಮೈನಸ್ 12 ಡೆಸಿಬೆಲ್ ನಡುವೆ ಆಡುತ್ತಿರಲಿ, ಜೋರಾಗಿ ನಕ್ಕಾಗಲೂ ಮೈನಸ್ 6 ದಾಟದಿರಲಿ. ಕೆಂಪು ಮುಟ್ಟಿದ ದನಿ ಒಡೆದು ಹೋಗುತ್ತದೆ, ಮತ್ತೆ ಸರಿಯಾಗುವುದಿಲ್ಲ. ಎರಡು ನಿಮಿಷ ಊಟ, ಮಳೆ ಎಂದು ಮಾತಾಡಿಸಿ, ನಿಲ್ಲಿಸಿ, ಕೇಳಿ ನೋಡಿ. ಆಮೇಲೆ ಶುರು.

ಈ ಹಂತದಲ್ಲಿ ಹೊಸಬರು ಮಾಡುವ ದೊಡ್ಡ ತಪ್ಪು "ಹೂಂ... ಹೂಂ... ಹೌದಾ... ಓಹೋ" ಎನ್ನುವುದು. ಎದುರಿಗೆ ಕೂತವರಿಗೆ ಅದು ಸೌಜನ್ಯ, ಕೇಳುಗರಿಗೆ ಕಾಟ. ಅತಿಥಿಯ ಪ್ರತಿ ವಾಕ್ಯದ ಬಾಲಕ್ಕೆ ನಿಮ್ಮ ಹೂಂ ಅಂಟಿಕೊಂಡರೆ ಎಡಿಟ್ ಮಾಡಲು ಎಲ್ಲಿಯೂ ಕತ್ತರಿ ಇಡಲಾಗದು. ಬಾಯಿ ಮುಚ್ಚಿ ತಲೆ ಆಡಿಸಿ, ಕಣ್ಣಲ್ಲಿ ಕಣ್ಣಿಡಿ, ಹುಬ್ಬು ಏರಿಸಿ. ಮುಂಚೆಯೇ "ನಾನು ಹೂಂ ಅನ್ನಲ್ಲ ಅಜ್ಜಾರೆ, ಆದ್ರೆ ಕೇಳ್ತಾ ಇರ್ತೀನಿ" ಎಂದು ಹೇಳಿಬಿಡಿ.

ಇನ್ನೊಂದು, ಕೈಸನ್ನೆ. ಮೊಳಕಾಲ್ಮೂರಿನ ನೇಕಾರರೊಬ್ಬರು ಸೀರೆಯ ಅಂಚಿನ ಬಗ್ಗೆ ಹೇಳುತ್ತಾ "ಅಂಚು ಇಷ್ಟಗಲ ಬರ್ತಿತ್ತು ನೋಡ್ರಿ, ಈಗ ಇಷ್ಟೇ" ಎಂದು ಬೆರಳು ಹಿಡಿದು ತೋರಿಸಿದರು. ನನಗೆ ಕಂಡಿತು, ರೇಡಿಯೋಗೆ ಏನೂ ಕಾಣಲಿಲ್ಲ. "ಎಷ್ಟಗಲ ಅಂದ್ರಿ, ಒಂದು ಗೇಣಾ?" ಎಂದೆ. "ಗೇಣು ತುಂಬ. ಈಗ ನಾಕು ಬೆರಳು, ಅಷ್ಟೇ" ಎಂದರು. ಆ ಒಂದು ಪ್ರಶ್ನೆಯಿಂದ ಕೇಳುಗರ ಕಣ್ಣಿಗೂ ಅಂಚು ಕಂಡಿತು. ಬಣ್ಣ, ಅಳತೆ, ದಿಕ್ಕು, ವಾಸನೆ, ಕೈ ತೋರಿಸಿದ್ದನ್ನೆಲ್ಲ ಬಾಯಲ್ಲಿ ಹೇಳಿಸಿ.

ಮೌನ ಬಂದರೆ ತುಂಬಬೇಡಿ. ಮನಸ್ಸಿನಲ್ಲೇ ಐದು ಎಣಿಸಿ. ಎಷ್ಟೋ ಸಲ ಮೂರಕ್ಕೋ ನಾಲ್ಕಕ್ಕೋ ಅತಿಥಿ ತಾವಾಗಿಯೇ ಮುಂದುವರಿಸುತ್ತಾರೆ, ಇಡೀ ಕಾರ್ಯಕ್ರಮದ ಒಳ್ಳೆಯ ಮಾತು ಆಗಲೇ ಬರುವುದು. ಅಳು ಬಂದರೆ ನೀರು ಕೊಡಿ, ನಿಲ್ಲಿಸಬೇಕೇ ಎಂದು ಕೇಳಿ. ಅವರು ನಿಲ್ಲಿಸಿ ಎಂದರೆ ನಿಲ್ಲಿಸಲೇಬೇಕು.

ಭಾಷೆಯ ವಿಷಯಕ್ಕೂ ಗಮನ ಕೊಡಿ. ಮೈಕ್ ಕಂಡ ಕೂಡಲೇ "ನಾವು ಮಾಡುತ್ತಿದ್ದೆವು" ಎಂದು ಪುಸ್ತಕದ ಕನ್ನಡ ಬಂದರೆ ತಿದ್ದಬೇಡಿ, ನೀವು ನಿಮ್ಮೂರ ಮಾತಾಡಿ, ಹತ್ತು ನಿಮಿಷದಲ್ಲಿ ಅವರೂ ಇಳಿಯುತ್ತಾರೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮನೆಮಾತು ತೆಲುಗು ಇರಬಹುದು, ತಾಂಡಾಗಳಲ್ಲಿ ಲಂಬಾಣಿ. ಗಾದೆ, ಪದ, ಬೈಗುಳ ಅವರ ಮಾತಿನಲ್ಲೇ ಬರಲಿ, ಹಿಂದೆಯೇ ಅರ್ಥ ಹೇಳಿಸಿ.

ಎಚ್ಚರಿಕೆಯ ಗುರುತು: ಬಾಗಿಲಲ್ಲಿ ನಾಲ್ಕು ಜನ ಸೇರಿದ್ದಾರೆ, ಅಜ್ಜಿ ಒಂದು ಮಾತು ಹೇಳಿದಾಗಲೆಲ್ಲ ಮಗನ ಮುಖ ನೋಡುತ್ತಿದ್ದಾರೆ ಎಂದರೆ ರೆಕಾರ್ಡಿಂಗ್ ನಿಲ್ಲಿಸಿ. ಮಗನಿಗೆ ಗೌರವದಿಂದ "ಅಣ್ಣಾರೆ, ಆಮೇಲೆ ನಿಮ್ ಹತ್ರಾನೂ ಮಾತಾಡ್ತೀನ್ರಿ" ಎಂದು ಹೇಳಿ ಹೊರಗೆ ಕಳಿಸಿ.

ಹಂತ 7: ಎದ್ದು ಹೊರಡುವ ಮೊದಲು

ಮಾತು ಮುಗಿಯಿತೆಂದು ಹೇಳಿ, ಮೈಕ್ ಮಾತ್ರ ಇನ್ನೂ ಆನ್ ಇದೆ ಎಂದೂ ಹೇಳಿ. ಕದ್ದು ರೆಕಾರ್ಡ್ ಮಾಡುವುದು ಬೇಡವೇ ಬೇಡ. ಉಸಿರು ಬಿಟ್ಟು ಕೂತ ಮೇಲೆ "ಇನ್ನೊಂದು ಮರ್ತೆ ನೋಡ್ರಿ" ಎಂದು ಬರುವ ಮಾತಿಗೆ ಕಾಯಿರಿ.

ನಂತರ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಖಾಲಿ ಕೋಣೆಯ ಸದ್ದು ರೆಕಾರ್ಡ್ ಮಾಡಿ. ಎಡಿಟ್‌ನಲ್ಲಿ ಕತ್ತರಿಸಿದ ಕಡೆ ಪೂರ್ತಿ ನಿಶ್ಶಬ್ದ ಇಟ್ಟರೆ ರೇಡಿಯೋ ಕೆಟ್ಟಂತೆ ಅನ್ನಿಸುತ್ತದೆ, ಈ ಸದ್ದೇ ಅಲ್ಲಿಗೆ ತೇಪೆ. ಒಪ್ಪಿಗೆಯನ್ನೂ ಅವರ ದನಿಯಲ್ಲೇ ಪಡೆಯಿರಿ: ಹೆಸರು, ಊರು, ಪ್ರಸಾರಕ್ಕೆ ಒಪ್ಪಿದ್ದೇನೆ ಎಂಬ ಮಾತು. ನಿಲಯ ಕೇಳಿದರೆ ಸಹಿ ಇರುವ ಪತ್ರವೂ ಬೇಕು.

ಹಂತ 8: ಕೇಳಿ, ಬರೆದು, ಆಮೇಲೆ ಕತ್ತರಿಸಿ

ಮೊದಲು ಮೂಲ ಫೈಲಿನ ಎರಡು ಪ್ರತಿ ಬೇರೆ ಬೇರೆ ಕಡೆ ಇಡಿ. ಎಡಿಟ್ ಮಾಡುವುದು ಮೂರನೇ ಪ್ರತಿಯಲ್ಲಿ. ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರ್ ಸಾಕು, ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಇಡೀ ರೆಕಾರ್ಡಿಂಗನ್ನು ಒಮ್ಮೆ ಏನೂ ಕತ್ತರಿಸದೆ ಕೇಳಿ, ನಿಮಿಷ ಸೆಕೆಂಡು ಸಮೇತ ಬರೆದುಕೊಳ್ಳಿ: "14:20 ಉಪ್ಪುನೀರಿನ ಅಳತೆ", "31:05 ಮೊದಲ ಕೂಲಿ". 28 ನಿಮಿಷದ ಕಾರ್ಯಕ್ರಮಕ್ಕೆ ಒಂದು ಗಂಟೆಯೊಳಗಿನ ರೆಕಾರ್ಡಿಂಗ್ ಹಿಡಿತಕ್ಕೆ ಸಿಗುತ್ತದೆ. ಮೂರು ಗಂಟೆ ತಂದರೆ ಕೈಸೋಲುತ್ತದೆ. ಮೊದಲು ಬೇಡದ ಪ್ರಸಂಗಗಳನ್ನೇ ಪೂರ್ತಿ ತೆಗೆಯಿರಿ, ಆಮೇಲೆ ವಾಕ್ಯ, ಕೊನೆಗೆ ಕೆಮ್ಮು ಮತ್ತು ತೊದಲು. ಉಸಿರನ್ನು ತೆಗೆಯಬೇಡಿ, ಉಸಿರಿಲ್ಲದ ಮಾತು ಯಂತ್ರದಂತೆ ಕೇಳುತ್ತದೆ. ನಾಯ್ಸ್ ರಿಡಕ್ಷನ್ನನ್ನು ಜಾಸ್ತಿ ಹಾಕಿದರೆ ನೀರೊಳಗಿಂದ ಮಾತಾಡಿದಂತೆ ಆಗುತ್ತದೆ, ಸ್ವಲ್ಪ ಗದ್ದಲ ಉಳಿದರೂ ಪರವಾಗಿಲ್ಲ.

ಮಾತನ್ನು ಹಿಂದೆ ಮುಂದೆ ಜೋಡಿಸುವಾಗ ಅರ್ಥ ತಿರುಗಬಾರದು. "ಆಗ ಚೆನ್ನಾಗಿತ್ತು, ಆದ್ರೆ ಕೂಲಿ ಕೊಡ್ತಿರ್ಲಿಲ್ಲ" ಎಂಬುದರಲ್ಲಿ ಎರಡನೇ ಅರ್ಧ ತೆಗೆದರೆ ಅದು ಆ ಮನುಷ್ಯನಿಗೆ ಮಾಡಿದ ದ್ರೋಹ.

ಕೇಳುಗರು ನಡುವೆ ರೇಡಿಯೋ ಹಾಕುತ್ತಾರೆ ಎಂಬುದು ನೆನಪಿರಲಿ. ಏಳೆಂಟು ನಿಮಿಷಕ್ಕೊಮ್ಮೆ ನಿಮ್ಮ ದನಿಯಲ್ಲಿ ಅತಿಥಿ ಯಾರೆಂದು ಒಂದು ಸಾಲು ಹೇಳಿ. ಮಧ್ಯೆ ಸಿನಿಮಾ ಹಾಡು ಸೇರಿಸಬೇಡಿ, ಅದಕ್ಕೆ ಹಕ್ಕುಸ್ವಾಮ್ಯದ ಪ್ರಶ್ನೆ ಬರುತ್ತದೆ. ಭಟ್ಟಿಯದೋ ಮಗ್ಗದ್ದೋ ಸದ್ದನ್ನು ಹತ್ತು ಸೆಕೆಂಡು ಇಡಿ.

ಹಂತ 9: ನೆನಪನ್ನು ತಾಳೆ ನೋಡುವುದು

ಹಿರಿಯರ ನೆನಪಿನಲ್ಲಿ ಇಸವಿ ಜಾರುತ್ತದೆ, ಅದು ಸುಳ್ಳಲ್ಲ. ಹಿರಿಯೂರು ಕಡೆಯ ಎಪ್ಪತ್ತರ ಹಿರಿಯರೊಬ್ಬರು "ಚಿಕ್ಕೋನಿದ್ದಾಗ ಮಾರಿಕಣಿವೆ ಕೋಡಿ ಬಿದ್ದಿದ್ದು ನೋಡಿದೀನಿ" ಎಂದರೆ ನಿಲ್ಲಿ. ಮಾರಿಕಣಿವೆ ಅಣೆಕಟ್ಟೆ, ಅಂದರೆ ವಾಣಿ ವಿಲಾಸ ಸಾಗರ, 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಹರಿದದ್ದು 2022ರಲ್ಲಿ. ಎದುರಾಡಬೇಡಿ, "ಕಣ್ಣಾರೆ ನೋಡಿದ್ದಾ ಯಜಮಾನ್ರೆ, ನಿಮ್ಮ ತಂದೆಯೋರು ಹೇಳಿದ್ದಾ?" ಎಂದು ಕೇಳಿ. ಅಪ್ಪ ಹೇಳಿದ್ದೆಂದು ತಿಳಿದರೆ ಕಥೆ ಇನ್ನೂ ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ. ಚನ್ನಗಿರಿಯ ಅಜ್ಜ "ಜಿಲ್ಲಾ ಕಚೇರಿಗೆ ಶಿವಮೊಗ್ಗಕ್ಕೆ ಹೋಗಿದ್ವಿ" ಎಂದದ್ದನ್ನು ತಪ್ಪೆಂದು ಕತ್ತರಿಸಿದ ಹುಡುಗನನ್ನು ಕಂಡಿದ್ದೇನೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮುಂಚೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೇ ಸೇರಿದ್ದವು, ದಾವಣಗೆರೆ ತಾಲ್ಲೂಕು ಚಿತ್ರದುರ್ಗಕ್ಕೆ.

ಹೆಸರು ಹಿಡಿದು ದೂರಿದ ಮಾತು, ಜಮೀನು ವ್ಯಾಜ್ಯ, ಕೋರ್ಟಿನಲ್ಲಿರುವ ವಿಷಯ, ಒಂದು ಜಾತಿಯ ಬಗ್ಗೆ ಹಗುರ ಮಾತು, ಇವನ್ನು ತೆಗೆಯಿರಿ. ಸಮುದಾಯ ಬಾನುಲಿ (ಕಮ್ಯುನಿಟಿ ರೇಡಿಯೋ) ಸಾಮಾನ್ಯವಾಗಿ ಸುತ್ತಲಿನ ಹತ್ತು ಹದಿನೈದು ಕಿಲೋಮೀಟರ್ ಕೇಳಿಸುತ್ತದೆ. ಅತಿಥಿ ದೂರಿದ ದಾಯಾದಿಯೂ ಅಷ್ಟರೊಳಗೇ ಕೂತು ಕೇಳುತ್ತಿರುತ್ತಾನೆ. ಮಾರನೇ ದಿನ ಅದನ್ನು ಎದುರಿಸಬೇಕಾದವರು ನೀವಲ್ಲ, ಅವರು. ಸಮುದಾಯ ಬಾನುಲಿಗೆ ಸ್ವಂತ ಸುದ್ದಿ, ರಾಜಕೀಯ ವಿಷಯ ಪ್ರಸಾರ ಮಾಡಲು ಅನುಮತಿ ಇಲ್ಲ ಎಂಬುದನ್ನೂ ಮರೆಯಬೇಡಿ.

ಹಂತ 10: ನಿಲಯಕ್ಕೆ, ಅತಿಥಿಗೆ

ಆಕಾಶವಾಣಿ ಚಿತ್ರದುರ್ಗವಾಗಲಿ, ಭದ್ರಾವತಿಯಾಗಲಿ, ನಿಮ್ಮ ಹತ್ತಿರದ ಸಮುದಾಯ ಬಾನುಲಿಯಾಗಲಿ, ಅವಧಿ ಎಷ್ಟು, ಫೈಲಿನ ರೂಪ ಯಾವುದು ಎಂದು ಎಡಿಟ್‌ಗೆ ಮುಂಚೆಯೇ ಕೇಳಿರಿ. ಅರ್ಧ ಗಂಟೆಯ ಅವಧಿ ಎಂದರೆ ಪ್ರಕಟಣೆ ಕಳೆದು ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ವಾಟ್ಸಾಪಿನಲ್ಲಿ ಆಡಿಯೋ ಆಗಿ ಕಳಿಸಿದರೆ ದನಿಯ ಗುಣ ಕುಗ್ಗಬಹುದು, ಪೆನ್‌ಡ್ರೈವಿನಲ್ಲಿ ಕೊಡಿ. ಜೊತೆಗೆ ಒಂದು ಹಾಳೆಯಲ್ಲಿ ಅತಿಥಿಯ ಹೆಸರು, ಊರು, ತಾಲ್ಲೂಕು, ರೆಕಾರ್ಡ್ ಮಾಡಿದ ದಿನ, ಒಟ್ಟು ಅವಧಿ, ಮೊದಲ ವಾಕ್ಯ, ಕೊನೆಯ ವಾಕ್ಯ ಬರೆಯಿರಿ.

ಪ್ರಸಾರದ ಹಿಂದಿನ ದಿನ ಅತಿಥಿಗೆ ಫೋನ್ ಮಾಡಿ ಸಮಯ ತಿಳಿಸಿ. ಎಷ್ಟೋ ಮನೆಗಳಲ್ಲಿ ಈಗ ರೇಡಿಯೋ ಸೆಟ್ಟೇ ಇಲ್ಲ. ಒಂದು ಪ್ರತಿ ಮೊಮ್ಮಗನ ಮೊಬೈಲಿಗೆ ಹಾಕಿಕೊಡಿ, ಸಾಧ್ಯವಾದರೆ ಹೋಗಿ ಅವರ ಪಕ್ಕದಲ್ಲೇ ಕೂತು ಕೇಳಿ. ಕೇಳುತ್ತಾ ಕೇಳುತ್ತಾ "ಅಲ್ಲಲ್ಲ, ಅದು ನಮ್ಮ ದೊಡ್ಡಪ್ಪ ಅಲ್ಲ, ಸೋದರಮಾವ" ಎಂದು ಅವರು ತಿದ್ದಿದರೆ ನೋಟ್‌ಬುಕ್ ತೆಗೆದು ದಿನಾಂಕ ಹಾಕಿ ಬರೆದುಕೊಳ್ಳಿ, ಮನೆಗೆ ಬಂದು ಆ ಚೀಟಿಯನ್ನು ಮೂಲ ಫೈಲಿನ ಜೊತೆಗೇ ಇಡಿ.